ಎಳ್ಳಮಾಸಿ ದಿನ ಗುಡ್ಡಕ್ಕೆ ಬಂದವರು

ಹಿಂಗಾರಿ ಜೋಳ ತೆನೆ ಹಿರಿಯುವ ಚಳಿಗಾಲ. ಎಳ್ಳಮಾಸಿಯ ದಿನ, ಮೂಡಲು ಇನ್ನೂ ಕೆಂಪೇರಿರಲಿಲ್ಲ, ಕರೆಮ್ಮ ಕರಿಗುಡ್ಡದ ಬುಡಕ್ಕೆ ಬಂದು ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು. ಅವಳ ಹಿಂದೆ ಅವಳ ಸ್ವಸಹಾಯ ಗುಂಪಿನ ಹೆಂಗಸರು ಹಿಟ್ಟಿನ ಬುಟ್ಟಿ, ನೀರಿನ ಕೊಡ, ಹಂಚು ಹೊತ್ತುಕೊಂಡು ಸಾಲಾಗಿ ಬಂದರು. ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಎಲ್ಲರ ಕಾಲೂ ಮರಗಟ್ಟಿದ್ದವು. ಮೊದಲು ಒಲೆಯ ಸುತ್ತ ಕುಂತು ಕೈ ಕಾಯಿಸಿಕೊಂಡರು. ಮದುವೆ ಅಡುಗೆಗೆ ಕಟ್ಟಿಗೆ ಹೊತ್ತವರು, ಪಾತ್ರೆ ತಿಕ್ಕಿದವರು ಅವರಲ್ಲಿ ಬೇಕಾದಷ್ಟು ಜನ ಇದ್ದರು. ಇಷ್ಟು ಮಂದಿಗೆ ತಾವೇ ಸೌಟು ಹಿಡಿದು ಬಡಿಸುವುದು ಇದೇ ಮೊದಲು.

ಕರಿಗುಡ್ಡ ಇರುವುದು ವನದುರ್ಗದಿಂದ ಆಚೆ, ಮುತ್ತಲದೊಡ್ಡಿ ಎಂಬ ಸಣ್ಣ ಊರಿನ ಬೆನ್ನಿಗೆ. ಊರಿಗೂ ಗುಡ್ಡಕ್ಕೂ ನಡುವೆ ಹೊಲಗಳ ಸಾಲು. ಗುಡ್ಡದ ತುಂಬ ಮುತ್ತಲ, ಸೀತಾಫಲ, ಬೋರೆಹಣ್ಣಿನ ಬಾರಿಕಂಟಿ. ನೆತ್ತಿಯ ಮೇಲೆ ಅರ್ಧ ಬಿದ್ದ ಹಳೇ ಹುಡೇವು, ಅಂದರೆ ಕಾವಲು ಬುರುಜು, ಅದರ ಮಗ್ಗುಲಲ್ಲಿ ಬಂಡೆಯೊಳಗೆ ಬೇಸಿಗೆಗೂ ಬತ್ತದ ಒಂದು ಹೊಂಡ. ಊರಿನ ಕೂಲಿಮನೆಗಳು ಅರ್ಧ ವರ್ಷ ಹೊಲದ ಮೇಲೆ ಬದುಕಿದರೆ ಇನ್ನರ್ಧ ವರ್ಷ ಈ ಗುಡ್ಡದ ಮೇಲೆ. ಬೇಸಿಗೆಯಲ್ಲಿ ಮುತ್ತಲ ಎಲೆ ಕಿತ್ತು, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುವುದು, ದಸರೆ ಹೊತ್ತಿಗೆ ಸೀತಾಫಲ ಆರಿಸಿ ಶಹಾಪುರದ ಬಜಾರಿಗೆ ಹೊರುವುದು. ಹುಡುಗರೆಲ್ಲ ಕಡೇಚೂರಿನ ಫ್ಯಾಕ್ಟರಿ ಹಿಡಿದರು. ಹೆಂಗಸರು ಗುಡ್ಡ ಬಿಡಲಿಲ್ಲ.

ಎರಡು ವರ್ಷದಿಂದ ಈಚೆಗೆ ಗುಡ್ಡಕ್ಕೆ ಬೇರೆ ಥರದ ಮಂದಿ ಬರಲು ಶುರುವಾಗಿತ್ತು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕೋಲು. ಎಲೆ ಕೀಳುವುದಿಲ್ಲ, ಕಟ್ಟಿಗೆ ಹೊರುವುದಿಲ್ಲ, ಆಡು ಮೇಯಿಸುವುದಿಲ್ಲ. ಸುಮ್ಮನೆ ಹತ್ತುವುದು, ಸುಮ್ಮನೆ ಇಳಿಯುವುದು. ಊರಿನವರಿಗೆ ಇದರ ಗುಟ್ಟೇ ತಿಳಿಯಲಿಲ್ಲ. ಕರೆಮ್ಮನ ಗಂಡ ಸಾಬಣ್ಣ ಒಮ್ಮೆ ಒಬ್ಬನನ್ನು ತಡೆದು, ಏನು ಕಳಕೊಂಡೀರಿ ಹೇಳ್ರಿ, ನಾನೂ ಹುಡುಕ್ತೀನಿ ಅಂದಿದ್ದ. ಆ ಮನುಷ್ಯ ನಕ್ಕು ಮುಂದೆ ಹೋದ. ಸಾಬಣ್ಣ ಅವತ್ತು ಸಂಜೆ ತನಕ ಪಾಪ ಏನು ಕಳಕೊಂಡಾನೋ ಎಂದು ಮರುಗುತ್ತ ಇದ್ದ.

ಅರಣ್ಯ ಇಲಾಖೆಗೆ ಹೊಸದಾಗಿ ಬಂದ ಗಾರ್ಡ್ ಉಮಾಶ್ರೀ ತುಮಕೂರು ಕಡೆಯ ಹುಡುಗಿ. ಕುಂತಲ್ಲಿ ಕುಂದಿರುವ ಜಾಯಮಾನ ಅವಳದಲ್ಲ. ಪಂಚಾಯಿತಿಯವರ ಬೆನ್ನು ಹತ್ತಿ, ಊರಬಾಗಿಲಾದ ಅಗಸಿಯಿಂದ ಹೊಲಗಳ ಬದುವಿನ ಮೇಲೆ ಹಾದು ಗುಡ್ಡದ ನೆತ್ತಿಗೆ ಹೋಗುವ ಒಂದು ಕಾಲುದಾರಿ ಮಾಡಿಸಿದಳು. ಅದರ ಕಂಟಿ ಕಡಿದವರೂ ಕಲ್ಲು ಸರಿಸಿದವರೂ ಇದೇ ಹೆಂಗಸರು. ಗುಡ್ಡದ ಬುಡದಲ್ಲಿ ಇಲಾಖೆಯದೊಂದು ಕಲ್ಲಿನ ಕೋಣೆ ಖಾಲಿ ಬಿದ್ದಿತ್ತು. ಬಂದವರಿಗೆ ಅಲ್ಲಿ ಊಟ ಹಾಕುವ ಕೆಲಸ ಯಾರಿಗೆ ಕೊಡುವುದು ಎಂಬ ಮಾತು ಎದ್ದಿತು. ಶಹಾಪುರದ ಒಬ್ಬ ಖಾನಾವಳಿಯವನು ಕೇಳಿದ್ದ. ಕರೆಮ್ಮನ ಗುಂಪೂ ಕೇಳಿತು.

ಆ ಮೀಟಿಂಗಿನಲ್ಲಿ ಹಿಂದಿನ ಸಾಲಿನಿಂದ ಯಾರೋ ಒಬ್ಬರು, ಅವರ ಕೈಲೆ ಮಂದಿ ಉಣ್ತಾರೇನು, ಅಂದರು. ಜೋರಾಗಿ ಅಲ್ಲ, ಎಲ್ಲರಿಗೂ ಕೇಳುವಷ್ಟು. ಮುಂದೆ ಕುಂತಿದ್ದ ಅನ್ನಮ್ಮ ತನ್ನ ಸೆರಗಿನ ಅಂಚು ನೋಡುತ್ತ ಕುಂತಳು. ಅನ್ನಮ್ಮ ಅಂದರೆ ನಾಗಣ್ಣನ ಹೆಂಡತಿ, ಗುಡ್ಡಕ್ಕೆ ಹತ್ತಿದ ಕೊನೆಯ ಹೊಲ ಅವರದು. ಕರೆಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆ ಹೊಲದಲ್ಲಿ ಕಳೆ ತೆಗೆದಿದ್ದಳು, ತೊಗರಿ ಕೊಯ್ದಿದ್ದಳು. ಪ್ರತಿ ಎಳ್ಳಮಾಸಿಗೂ ಅನ್ನಮ್ಮ ಅವಳ ಉಡಿಗೆ ಕಡುಬು, ಹೋಳಿಗೆ ಸುರಿದು ಕಳಿಸುತ್ತಿದ್ದಳು, ಕೈ ಬಿಗಿ ಹಿಡಿಯದೆ. ಕರೆಮ್ಮನ ಕಡೆಯಿಂದ ಅನ್ನಮ್ಮನ ಮನೆಗೆ ಹೋಗುತ್ತಿದ್ದುದು ಕಾಡಿನ ಹಣ್ಣು, ಪತ್ರಾವಳಿ, ಜೇನು. ಒಲೆಯ ಮೇಲೆ ಬೆಂದದ್ದು ಒಂದು ತುತ್ತೂ ಹೋದದ್ದಿಲ್ಲ. ಈ ವಿಷಯ ಇಬ್ಬರೂ ಯಾವತ್ತೂ ಬಾಯಿ ಬಿಟ್ಟು ಆಡಿದವರಲ್ಲ.

ಉಮಾಶ್ರೀ ಹಿಂದಿನ ಸಾಲಿನ ಆ ಮಾತು ಕೇಳಿಸಿಕೊಂಡಳು. ಒಂದು ದಿನ ಊಟ ಹಾಕಿಸಿ ನೋಡೋಣ, ಬಂದವರು ಹೊಟ್ಟೆ ತುಂಬ ಉಂಡರೆ ಕೋಣೆಯ ಕೀಲಿ ಗುಂಪಿಗೆ, ಇಲ್ಲವಾದರೆ ಖಾನಾವಳಿಗೆ, ಎಂದು ಅಲ್ಲೇ ನಿಶ್ಚಯ ಮಾಡಿಸಿದಳು. ದಿನ ಯಾವುದು ಅಂದಾಗ ಎಳ್ಳಮಾಸಿ ಎಂದವರು ಪಂಚಾಯಿತಿ ಅಧ್ಯಕ್ಷರು. ಊರಿಗೆ ಊರೇ ಹೊಲದಲ್ಲಿರುತ್ತದೆ, ಎತ್ತು ಬಂಡಿ ಸಿಂಗಾರ ಆಗಿರುತ್ತವೆ, ಬಂದವರ ಕಣ್ಣಿಗೆ ಹಬ್ಬ. ಉಮಾಶ್ರೀಗೆ ಎಳ್ಳಮಾಸಿ ಅಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಹೌದ್ರಿ, ಛಲೋ ಆತ್ರಿ ಅಂದರು. ಕರೆಮ್ಮನೂ ಅಂದಳು. ಹುಟ್ಟಿದಾಗಿನಿಂದ ಆ ಹಬ್ಬ ಮಾಡಿದ ಅಷ್ಟು ಜನರಲ್ಲಿ ಒಬ್ಬರಿಗೂ ಆಗ ಹೊಳೆಯಲಿಲ್ಲ.

ಹೊಳೆದದ್ದು ಸಾಬಣ್ಣನಿಗೆ, ಅದೂ ಹಬ್ಬದ ದಿನವೇ ಬೆಳಿಗ್ಗೆ, ಕಟ್ಟಿಗೆ ಒಡೆಯುವಾಗ. ಕೊಡಲಿ ಅಲ್ಲೇ ಬಿಟ್ಟು ನಗತೊಡಗಿದ.

“ಯಾಕ ನಗಾಕತ್ತಿ?” ಅಂದಳು ಕರೆಮ್ಮ.

“ಅಲ್ಲಬೇ, ಇವತ್ತ ಎಳ್ಳಮಾಸಿ. ಅಷ್ಟು ಮಂದಿ ಅಗಸಿಯಿಂದ ಇಲ್ಲಿ ತನಕ ಹೊಲ ದಾಟಿ ಬರಬೇಕು. ಉಣಸಲಾರದ ಯಾರರ ಬಿಟ್ಟು ಕಳಸ್ತಾರೇನು?”

ಕರೆಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

ನಮ್ಮ ಕಡೆ ಎಳ್ಳಮಾಸಿ ಅಂದರೆ ಭೂಮಿತಾಯಿಯ ಬಯಕೆ ಊಟ. ಪೈರು ಹೊತ್ತ ನೆಲ ಬಸುರಿ ಇದ್ದ ಹಾಗೆ. ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜಿಸಿ, ಮಾಡಿದ ಎಲ್ಲ ಅಡುಗೆಯಲ್ಲೂ ಒಂದಿಷ್ಟು ತೆಗೆದು ಕಲಸಿ ಚರಗ ಎಂದು ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಅಲ್ಲೇ ನೆಲದ ಮೇಲೆ ಊಟ, ಸಂಜೆ ಉಳಿದದ್ದರ ಚರಗ ಇನ್ನೊಮ್ಮೆ. ಅವತ್ತು ಬದುವಿನ ಮೇಲೆ ಕಾಲಿಟ್ಟವರು ಯಾರೇ ಆಗಲಿ ಉಣ್ಣದೆ ದಾಟುವ ಹಾಗಿಲ್ಲ. ಕೋರ್ಟಿನಲ್ಲಿ ಕೇಸು ಹಾಕಿದವನನ್ನೂ ಕೈ ಹಿಡಿದು ಕೂಡಿಸುತ್ತಾರೆ, ಕೇಸು ಮರುದಿನಕ್ಕೆ ಇದ್ದೇ ಇರುತ್ತದೆ. ಒಬ್ಬರು ಹಸಿದು ಹೋದರೂ ಭೂಮಿಯ ಬಯಕೆ ತೀರಲಿಲ್ಲ ಎಂದೇ ಲೆಕ್ಕ.

ಬಿಸಿಲು ಏರಿದ ಮೇಲೆ ಗುಡ್ಡ ಹತ್ತುವ ಮಂದಿ ಅಗಸಿಯಲ್ಲಿ ಇಳಿದರು ಎಂದು ಸುದ್ದಿ ಬಂತು. ಯಾದಗಿರಿಯವರು ಕೆಲವರು, ರಾಯಚೂರಿನವರು ಕೆಲವರು, ಉಳಿದವರು ಹೈದರಾಬಾದಿನವರು, ಎಲ್ಲ ಸೇರಿ ಮೂವತ್ತರ ಮೇಲೆ. ಅವರನ್ನು ಕರೆತಂದದ್ದು ಲಾಡ್ಲೇಸಾಬನ ಟೆಂಪೋ. ಅವನು ಸುತ್ತು ದಾರಿಯಿಂದ ಗಾಡಿ ತಂದು ಗುಡ್ಡದ ಬುಡಕ್ಕೆ ನಿಲ್ಲಿಸಿದ. ಮಂದಿ ಬರಲಿಲ್ಲ. ನೋಡಿಬರುತ್ತೇನೆ ಎಂದು ಹೊಲದ ಕಡೆ ಹೋದವನು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದ. ಅವನೂ ಉಂಡಿದ್ದ.

ಮೊದಲ ಹೊಲ ಮರಿಲಿಂಗಮ್ಮನದು. ಎಂಬತ್ತು ದಾಟಿದ ಮುದುಕಿ ಬದುವಿಗೆ ಅಡ್ಡ ನಿಂತು ಕೈಕೋಲು ಚಾಚಿದ್ದಳಂತೆ. ಹೈದರಾಬಾದಿನವರು ಇದು ಟೋಲ್ ಇರಬೇಕು ಎಂದು ಜೇಬಿಗೆ ಕೈ ಹಾಕಿದರಂತೆ. ಮುದುಕಿ ಒಬ್ಬೊಬ್ಬರ ಕೈಯಲ್ಲೂ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇಟ್ಟು, ಮೇಲೆ ಪುಂಡಿಪಲ್ಯೆ ಹಾಕಿ, ಅವರು ತಿಂದು ಮುಗಿಸುವ ತನಕ ಕೋಲು ಎತ್ತಲಿಲ್ಲವಂತೆ.

ಎರಡನೇದು ಜಾಹೀದನ ಹೊಲ. ಅವರ ಮನೆಯಲ್ಲೂ ಅಜ್ಜನ ಕಾಲದಿಂದ ಎಳ್ಳಮಾಸಿ ನಡೆದು ಬಂದಿದೆ. ಅಲ್ಲಿ ಬಜ್ಜಿ, ಶೇಂಗಾ ಹೋಳಿಗೆ, ಗಡಿಗೆ ಮೊಸರು. ಉಮಾಶ್ರೀ ಅಡ್ಡ ಬಂದು, ಸಾಕು, ಮುಂದೆ ಊಟ ಇದೆ ಎಂದು ಕೈ ಮುಗಿದಳಂತೆ. ಜಾಹೀದನ ತಾಯಿ, ಹಾಂಗಾರ ಇದೇನು ಮಣ್ಣೇನವ್ವ ಎಂದು ಅವಳ ಬಾಯಿಗೇ ಹೋಳಿಗೆ ಇಟ್ಟಳಂತೆ.

“ಒಬ್ಬಾಂವ ದಪ್ಪ ಮನಷ್ಯಾ ಇದ್ದಾನ ನೋಡು ಅಕ್ಕಾ,” ಅಂದ ಲಾಡ್ಲೇಸಾಬ. “ಹೋಳಿಗಿ ಬ್ಯಾಡಂದ. ಜಾಹೀದ ಅವ್ವನ ಆಣಿ ಅಂತ ಖಸಂ ಹಾಕ್ದ. ತಿಂದ. ಮತ್ತೊಂದು ಇಟ್ಟ, ಬ್ಯಾಡಂದ. ಮತ್ತ ಖಸಂ. ಕಡೀಕ ಜಾಹೀದ ಖಸಂ ಹಾಕೂಕಿಂತ ಮೊದಲೇ ಅಂವ ತಿನ್ನಾಕತ್ತಾನ.”

ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು. ಕರೆಮ್ಮನಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಅವಳ ಹಿಂದೆ ಹುರಳಿಕಟ್ಟಿನ ಸಾರು ಕುದಿಯುತ್ತಿತ್ತು. ರೊಟ್ಟಿಯ ಬುಟ್ಟಿ ತುಂಬುತ್ತ ಬಂದಿತ್ತು. ಜೋಳದ ನುಚ್ಚು ಕೆಂಡದ ಮೇಲೆ ಕುಂತು ಅರಳುತ್ತಿತ್ತು.

ನೆತ್ತಿಗೆ ಸೂರ್ಯ ಬಂದಾಗ ಮಂದಿ ನಾಗಣ್ಣನ ಹೊಲಕ್ಕೆ ಬಂದರು. ಅಲ್ಲಿಂದ ಕರೆಮ್ಮನ ಒಲೆಗೆ ಒಂದು ಕೂಗಳತೆ. ಕೆಂಪು ನೀಲಿ ಟೊಪ್ಪಿಗೆಗಳು ಬನ್ನಿಗಿಡದ ಕೆಳಗೆ ಸಾಲಾಗಿ ಕುಂತದ್ದು ಕಾಣಿಸಿತು. ನಾಗಣ್ಣ ಬುಟ್ಟಿ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಅನ್ನಮ್ಮ ಒಬ್ಬೊಬ್ಬರ ಮುಂದೂ ಬಗ್ಗಿ ಬಡಿಸುತ್ತಿದ್ದಳು.

ಕರೆಮ್ಮನ ಮಗಳು ಅನುರಾಧಾ ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವವಳು, ಮೀಟಿಂಗಿನ ದಿನ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ.

“ಅವ್ವಾ, ಇದು ಹಬ್ಬ ಅಲ್ಲ. ಬೇಕಂತ ಮಾಡಾಕತ್ಯಾರ. ನಿನ್ನ ಗಡಿಗಿ ತನಕ ಒಬ್ಬರೂ ಹಸದು ಬರಬಾರ್ದು, ಅದಕ್ಕ ಜಮಖಾನಿ ಹಾಸಿ ಕೂಡಿಸ್ಯಾರ. ನಾ ಹೋಗಿ ಎಬ್ಬಿಸಿಕೊಂಡು ಬರ್ತೀನಿ.”

ಮಗಳು ಅಂದದ್ದು ಕರೆಮ್ಮನ ಮನಸ್ಸಿನಲ್ಲೂ ಬಂದು ಹೋಗಿತ್ತು. ಮೀಟಿಂಗಿನ ಆ ಮಾತು ಇಷ್ಟು ದಿನ ಮುಳ್ಳಿನ ಮೊನೆಯ ಹಾಗೆ ಒಳಗೇ ಉಳಿದಿತ್ತು. ಅವಳು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಆ ಹೊಲದ ಕಡೆ ನೋಡಿದಳು. ಅನ್ನಮ್ಮ ಬಗ್ಗುತ್ತಿದ್ದ ರೀತಿ ಅವಳಿಗೆ ಹೊಸದಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಸೌಟು, ಬೇಡ ಅಂದವರ ಎಲೆಗೆ ಒಂದು ಸೌಟು ಹೆಚ್ಚು. ಕೂಲಿಯವರಿಗೆ ಬಡಿಸುವಾಗಲೂ ಹಾಗೇ.

“ಹೊಟ್ಟ್ಯಾಗ ಕಿಚ್ಚು ಇಟ್ಕೊಂಡು ಬಡಿಸೋರ ಕೈ ಹಂಗ ಓಡೂದಿಲ್ಲ,” ಅಂದಳು. “ಮತ್ತ, ಉಣ್ಣೋರನ್ನ ಎಬ್ಬಸಬಾರ್ದು. ಕುಂದ್ರು.”

ಹೇಳಿದಳೇ ಹೊರತು ಅವಳಿಗೂ ಸಮಾಧಾನ ಇರಲಿಲ್ಲ. ಒಲೆಯಿಂದ ಕೊಳ್ಳಿ ಹಿರಿದು ಮಣ್ಣಿನಲ್ಲಿ ಒತ್ತಿದಳು. ಕಲಸಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಪತ್ರಾವಳಿ ಎಣಿಸಿದ್ದನ್ನೇ ಮತ್ತೆ ಎಣಿಸತೊಡಗಿದರು.

ಹೊತ್ತು ವಾಲಿದ ಮೇಲೆ ಮಂದಿ ಬಂದರು. ನಡೆದು ಬಂದರು ಅನ್ನುವುದಕ್ಕಿಂತ ಸರಿದು ಬಂದರು ಅನ್ನಬೇಕು. ಯಾರ ಬೆನ್ನೂ ನೆಟ್ಟಗಿರಲಿಲ್ಲ. ಒಲೆ, ಬುಟ್ಟಿ, ಹಾಸಿದ ಚಾಪೆ ನೋಡಿ ಅವರ ಮುಖದಲ್ಲಿ ಹೆದರಿಕೆಯೇ ಮೂಡಿತು. ಹುಡುಗಿಯರು ಕೈ ಮುಗಿದರು. ಆ ದಪ್ಪ ಮನುಷ್ಯ ಮುತ್ತಲ ಗಿಡಕ್ಕೆ ಒರಗಿ, ಬುಧವಾರದ ತನಕ ನನ್ನ ಮುಂದೆ ಊಟದ ಹೆಸರು ಎತ್ತಬೇಡಿ ಎಂದು ಕಣ್ಣು ಮುಚ್ಚಿದ. ನೋಡನೋಡುತ್ತ ಒಬ್ಬೊಬ್ಬರೇ ನೆರಳು ಹುಡುಕಿ ಮಲಗಿದರು. ಗುಡ್ಡ ಹತ್ತಲು ಬಂದವರು ಗುಡ್ಡದ ಬುಡದಲ್ಲಿ ಗೊರಕೆ ಹೊಡೆದರು.

ಉಮಾಶ್ರೀ ಕರೆಮ್ಮನ ಹತ್ತಿರ ಬಂದು ಕುಕ್ಕರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ಅಮ್ಮಾ, ತಪ್ಪು ನಂದೇ. ದಿನ ವಿಚಾರಿಸ್ಬೇಕಿತ್ತು. ಎದ್ದ ಮೇಲೆ ಒಂದೊಂದು ತುತ್ತು ಬಾಯಿಗೆ ಹಾಕ್ಕೊಳ್ಳೋಕೆ ಹೇಳ್ತೀನಿ, ಫೋಟೋ ತೆಗೆದುಬಿಡೋಣ. ಊಟ ಮಾಡಿದ್ರು, ಚೆನ್ನಾಗಿತ್ತು ಅಂತ ನಾನೇ ಮೇಲಿನವರಿಗೆ ಹೇಳ್ತೀನಿ.”

ಕರೆಮ್ಮ ಅವಳ ಬೆನ್ನಿನ ಮೇಲೆ ಕೈ ಇಟ್ಟಳು. “ಬ್ಯಾಡ್ರಿ ಮೇಡಮ್. ಉಣ್ಣಲಾರದ್ದಕ್ಕ ಉಂಡಾರಂತ ಹೇಳಿ ಕೀಲಿ ಇಸ್ಗೊಂಡ್ರ, ನಾಳಿ ಆ ಕ್ವಾಣ್ಯಾಗ ಕುಂತು ನಾ ಹ್ಯಾಂಗ ರೊಟ್ಟಿ ಬಡೀಲಿ? ಮಲಗ್ಯಾರ, ಮಲಗಲಿ. ಎದ್ದಮ್ಯಾಲ ಗುಡ್ಡ ಹತ್ತಸ್ರಿ.”

ನಾಲ್ಕಕ್ಕೆ ವಾಪಸು ಹೊರಡುವ ಏರ್ಪಾಡಿತ್ತು. ಉಮಾಶ್ರೀ ಲಾಡ್ಲೇಸಾಬನ ಕಡೆ ನೋಡಿದಳು. ಟೆಂಪೋದ ನೆರಳಲ್ಲಿ ಚಕ್ರಕ್ಕೆ ತಲೆ ಕೊಟ್ಟು ನಾಲ್ಕೈದು ಜನ ಮಲಗಿದ್ದರು. ಅವನು ಅವರನ್ನು ತೋರಿಸಿ, ಇವರನ್ನ ಎತ್ತಿ ಹಾಕಿಕೊಂಡು ಹೋಗಾಕ ಕ್ರೇನ್ ಬೇಕ್ರಿ ಎಂದ. ನಾಲ್ಕರ ಮಾತು ಅಲ್ಲಿಗೇ ಮುಗಿಯಿತು.

ಬಿಸಿಲು ತಂಪಾದಾಗ ಒಬ್ಬೊಬ್ಬರೇ ಎದ್ದರು. ಮುಖ ತೊಳೆದರು. ಗುಡ್ಡದ ಕಡೆ ನೋಡಿ ನಾಚಿಕೊಂಡರು. ದಾರಿ ತೋರಿಸಲು ಸಾಬಣ್ಣ ಕೋಲು ತೆಗೆದುಕೊಂಡ. ಕರೆಮ್ಮ ಅವನನ್ನು ಪಕ್ಕಕ್ಕೆ ಕರೆದಳು. ಹೊಸ ದಾರಿ ಬೇಡ, ಹಿಂದಿನ ಕಣಿವೆಯಿಂದ ಒಯ್ಯಿ, ಬಾರಿಕಂಟಿ ಸುತ್ತಿಸು, ಹೊಂಡದ ತನಕ ಇಳಿಸಿ ಮತ್ತೆ ಹುಡೇವಿಗೆ ಹತ್ತಿಸು, ಅಂದಳು.

“ಉಂಡದ್ದು ಇಳೀಬೇಕು, ಅಷ್ಟೇ ಹೌದಲ್ಲ?” ಅಂದ ಸಾಬಣ್ಣ.

“ಪೂರಾ ಇಳೀಬೇಕು. ನಾಗಣ್ಣನ ಕಡುಬು ಕಲ್ಲಿನಂಥಾವು, ತಿಳಕೊಂಡು ನಡಸು.”

ಹೋದರು. ಕರೆಮ್ಮ ಕೆಳಗಿನಿಂದ ನೋಡುತ್ತ ಕುಂತಳು. ಟೊಪ್ಪಿಗೆಗಳು ಕಣಿವೆಯಲ್ಲಿ ಮುಳುಗಿದವು, ಬಂಡೆಯ ಮೇಲೆ ಎದ್ದವು, ಮತ್ತೆ ಮುಳುಗಿದವು. ಬಾರಿಕಂಟಿಯಲ್ಲಿ ಹಣ್ಣು ಕೀಳಲು ಹೋಗಿ ಮುಳ್ಳು ತರಚಿಕೊಂಡವರ ಕೂಗು ಬಂತು, ಹಿಂದೆಯೇ ನಗು ಬಂತು. ಹೊಂಡದಲ್ಲಿ ಯಾರೋ ದುಡುಮ್ಮನೆ ಬಿದ್ದರು, ಅಥವಾ ಹಾರಿದರು. ಎಷ್ಟೋ ಹೊತ್ತಿನ ಮೇಲೆ ಹುಡೇವಿನ ನೆತ್ತಿಯ ಮೇಲೆ ಎಲ್ಲರೂ ಸಾಲಾಗಿ ಕಾಣಿಸಿಕೊಂಡರು. ಅಲ್ಲಿಂದ ನೋಡಿದರೆ ಬಿಳಿಜೋಳದ ಹಸಿರು, ಕುಸುಬಿಯ ಹಳದಿ, ಒಣಗಿದ ತೊಗರಿಯ ಕಂದು, ದೂರದಲ್ಲಿ ಕಾಲುವೆಯ ನೀರು ಬೆಳ್ಳಿ ಸರಿಗೆಯ ಹಾಗೆ. ಅವರು ಮೇಲಿನಿಂದ ಹೋ ಎಂದು ಕೂಗಿದರು. ಕೆಳಗಿನ ಹೊಲಗಳಲ್ಲಿ ಸಂಜೆಯ ಚರಗ ಚೆಲ್ಲುತ್ತಿದ್ದವರು ತಿರುಗಿ ಕೂಗಿದರು. ಗುಡ್ಡ ನಡುವೆ ನಿಂತು ಇಬ್ಬರ ಕೂಗನ್ನೂ ಎರಡೆರಡು ಸಲ ಹೇಳಿತು. ಕೋಲು ಊರಿಕೊಂಡು ನಿಂತ ಮರಿಲಿಂಗಮ್ಮನ ದನಿ ಎಲ್ಲರಿಗಿಂತ ಎತ್ತರ ಇತ್ತು.

ಆ ಮಂದಿ ಏನು ಹುಡುಕಲು ಗುಡ್ಡ ಹತ್ತುತ್ತಾರೆ ಎಂಬುದು ಕರೆಮ್ಮನಿಗೆ ಅವತ್ತು ಸ್ವಲ್ಪ ತಿಳಿಯಿತು. ತಾನು ಅಷ್ಟು ವರ್ಷ ಹತ್ತಿದ್ದಳು, ತಲೆಯ ಮೇಲಿನ ಹೊರೆ ಇಳಿಸಿ ಒಂದು ಸಲವೂ ಅಲ್ಲಿ ನಿಂತು ನೋಡಿರಲಿಲ್ಲ. ನಾಳೆ ನೋಡಿದರಾಯಿತು ಅಂದುಕೊಂಡು ಎದ್ದು ಒಲೆಗೆ ಕೊಳ್ಳಿ ತುರುಕಿದಳು.

ಟಪಟಪ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ಆ ವಾಸನೆ ಗಾಳಿಗೆ ಗುಡ್ಡ ಏರಿತೋ ಏನೋ, ಇಳಿಯುವವರ ನಡಿಗೆ ಓಟವಾಯಿತು. ಎಲ್ಲರಿಗಿಂತ ಮುಂದೆ ಆ ದಪ್ಪ ಮನುಷ್ಯ ಬಂದ, ಪ್ಯಾಂಟು ಮೊಣಕಾಲ ತನಕ ತೊಯ್ದು, ಕಿವಿಯ ಮೇಲೆ ಒಂದು ಎಲೆ ಸಿಕ್ಕಿಸಿಕೊಂಡು. ಚಾಪೆಯ ಮೇಲೆ ಕುಂತವನೇ ಪತ್ರಾವಳಿ ತಾನೇ ಎಳೆದುಕೊಂಡ.

ಬಿಸಿರೊಟ್ಟಿ ಬಿತ್ತು. ಕಡ್ಲಿಪಲ್ಯೆ, ಹಸಿಖಾರ, ನುಚ್ಚು, ಅದರ ಮೇಲೆ ಹುರಳಿಸಾರು. ಮೂಗು ಸೊರಸೊರ ಅನ್ನುವುದು, ಬೆರಳು ನೆಕ್ಕುವುದು, ಅಷ್ಟೇ ಸದ್ದು. ಹೈದರಾಬಾದಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಖಾರ ಆತೇನ್ರಿ ಎಂದು ಕರೆಮ್ಮ ಗಾಬರಿಯಾದಳು. ಆ ಹೆಂಗಸು ತೆಲುಗು, ಉರ್ದು, ಕನ್ನಡ ಮೂರೂ ಕಲಸಿ, ನಮ್ಮಜ್ಜಿ ಇದನ್ನೇ ಮಾಡುತ್ತಿದ್ದಳು, ಅವಳು ಹೋದ ಮೇಲೆ ಇವತ್ತೇ ತಿನ್ನುವುದು ಅಂದಳು. ದಪ್ಪ ಮನುಷ್ಯ ಎರಡು ಸಲ ನುಚ್ಚು ಹಾಕಿಸಿಕೊಂಡು ಮೂರನೇ ಸಲ ಎಲೆ ಮುಂದೆ ಚಾಚಿದ.

“ಖಸಂ ಹಾಕಬೇಕೇನ್ರಿ?” ಅಂದಳು ಅನುರಾಧಾ, ಸೌಟು ಮೇಲೆ ಹಿಡಿದು.

“ಏನೂ ಬೇಡಮ್ಮಾ. ನೀನು ಹಾಕ್ತಾ ಇರು,” ಅಂದ ಅವನು.

ಎಲ್ಲರೂ ಕೈ ತೊಳೆದ ಮೇಲೆ ಉಮಾಶ್ರೀ ಕೋಣೆಯ ಕೀಲಿ ತಂದು ಕರೆಮ್ಮನ ಅಂಗೈಯಲ್ಲಿ ಇಟ್ಟಳು. ಭಾಷಣ ಮಾಡಲಿಲ್ಲ, ಫೋಟೋ ತೆಗೆಯಲಿಲ್ಲ. ಗುಂಪಿನ ಹೆಂಗಸರು ಅದನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರು, ಕೂಸಿನ ಕೈಗೆ ಹಾಕಿದ ಹೊಸ ಬಳೆಯ ಹಾಗೆ. ಕರೆಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, ಇನ್ನು ನಮ್ಮ ಊಟ ಎಂದು ಎಲೆ ಹರಡಲು ಬಗ್ಗಿದಳು.

ಆಗ ಬದುವಿನ ಮೇಲೆ ಒಬ್ಬರು ನಿಂತದ್ದು ಕಂಡಿತು. ಗುರುತು ಹಿಡಿಯುವಷ್ಟು ಸಂಜೆಯ ಬೆಳಕು ಇನ್ನೂ ಇತ್ತು. ಅನ್ನಮ್ಮ. ಅವಳ ಹಿಂದೆ ದೂರದಲ್ಲಿ ನಾಗಣ್ಣ ಬಂಡಿ ಹೂಡಿಕೊಂಡು ನಿಂತಿದ್ದ.

“ಕರೆಮ್ಮಾ, ಮಂದಿ ಉಂಡ್ರೇನು?” ಅಂದಳು ಅನ್ನಮ್ಮ.

“ಈಗ ಉಂಡ್ರಿ. ನೀವು ಉಣಿಸಿದ್ದು ಇಳಸಾಕ ಇಡೀ ಗುಡ್ಡ ಸುತ್ತಿಸಬೇಕಾತು.”

ಅನ್ನಮ್ಮ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. “ನೀ ಅಡಗಿ ಇಟ್ಟದ್ದು ಗೊತ್ತಿತ್ತು ನನಗ. ಸಾಕು ಬಿಡು, ಕಳಸೂಣು ಅಂತ ಮನಸಂದ್ರ ಕೈ ಕೇಳ್ಲಿಲ್ಲ ನೋಡು. ಎಳ್ಳಮಾಸಿ ದಿನ ಈ ಕೈಗೆ ಏನ್ ಬಡೀತದೋ.”

ಅವಳ ಮುಖ ಒಣಗಿತ್ತು. ಕರೆಮ್ಮನಿಗೆ ಆ ಮುಖದ ಹಸಿವು ತಿಳಿಯಿತು, ಸುಗ್ಗಿಯ ಕಾಲದಲ್ಲಿ ಎಷ್ಟು ಸಲ ನೋಡಿದ್ದಳು. “ನಿಮ್ಮ ಊಟ ಆತೇನ್ರಿ?” ಎಂದು ಕೇಳಿದಳು.

“ಎಲ್ಲಿದು. ಎಲ್ಲಾರೂ ಎದ್ದಮ್ಯಾಲ ನಾ ಕುಂದ್ರಾಕಿ. ಫೋಟೋ ತಗೀತಾ ಹಿಂದ ಉಳದ ಹುಡುಗ್ರು ಇಬ್ಬರು ಬಂದ್ರು. ಕಡೀ ಕಡುಬು ಅವರಿಗಿ ಹೋತು. ಮ್ಯಾಲ ತಳದಾಗಿನ ನಾಕು ಅಗಳು ಚರಗ ಚೆಲ್ಲಿ ಗಡಗಿ ಬೋರಲ ಹಾಕಿದ್ವಿ.”

ನಾಗಣ್ಣ ಬಂಡಿಯ ಹತ್ತಿರದಿಂದ ಕೂಗಿದ. ಎರಡು ಕಡ್ಲಿಗಿಡ ಕಿತ್ತು ಬಾಯಾಗ ಹಾಕ್ಕೊ, ಮನ್ಯಾಗ ಉಣ್ಣಾಕಂತಿ, ಹೊತ್ತಾತು ನಡಿ, ಎಂದು. ಅನ್ನಮ್ಮ ತಿರುಗಿ ನೋಡಲಿಲ್ಲ. ಅವತ್ತು ಹೊಲದ ಒಡತಿ ನೆಲದ ಮೇಲೆ ಕುಂತು ಅನ್ನ ಉಣ್ಣದೆ ಮನೆ ಕಡೆ ಮುಖ ಮಾಡಬಾರದು. ಅವಳ ಅತ್ತೆ ಮಾಡಿರಲಿಲ್ಲ, ಅತ್ತೆಯ ಅತ್ತೆ ಮಾಡಿರಲಿಲ್ಲ. ಕಾಳು ತಿಂದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ.

ಗುಡ್ಡದಿಂದ ಮಂದಿ ಕಿತ್ತು ತಂದ ಬಾರಿಹಣ್ಣು ಒಂದು ಬುಟ್ಟಿ ತುಂಬ ಒಲೆಯ ಹತ್ತಿರವೇ ಇತ್ತು. ಕರೆಮ್ಮನ ಕಣ್ಣು ಅದರ ಮೇಲೆ ಹೋಯಿತು. ಎಲೆಯ ತುಂಬ ಹಣ್ಣು ಹಾಕಿ ಕೊಟ್ಟರೆ ಅನ್ನಮ್ಮ ತೆಗೆದುಕೊಳ್ಳುತ್ತಾಳೆ, ಬದುವಿನ ಮೇಲೆ ನಿಂತೇ ತಿನ್ನುತ್ತಾಳೆ, ಎಂದಿನ ಹಾಗೆ ಇಬ್ಬರೂ ಪಾರು. ಅವಳು ತಲೆ ಎತ್ತಿದಾಗ ಅನ್ನಮ್ಮನೂ ಅದೇ ಬುಟ್ಟಿಯನ್ನು ನೋಡುತ್ತಿದ್ದಳು.

ಕರೆಮ್ಮ ಬುಟ್ಟಿಗೆ ಕೈ ಹಾಕಲಿಲ್ಲ. ಒಂದು ಪತ್ರಾವಳಿ ತೆಗೆದು, ನೀರು ಚಿಮುಕಿಸಿ, ಸೆರಗಿನಿಂದ ಒರೆಸಿ, ಒಲೆಯ ಮಗ್ಗುಲಿಗೆ ಹಾಸಿದಳು.

“ಬರ್ರಿ ಅನ್ನಮ್ಮವ್ವ, ಕುಂದರ್ರಿ. ರೊಟ್ಟಿ ಬಿಸಿ ಅದ.”

ಅನ್ನಮ್ಮ ಹಾಸಿದ ಎಲೆಯನ್ನು ನೋಡಿದಳು. ಹಿಂದೆ ಎತ್ತಿನ ಕೊರಳಿನ ಗೆಜ್ಜೆ ಒಮ್ಮೆ ಅಲುಗಿ ಸುಮ್ಮನಾಯಿತು. ಆಮೇಲೆ ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು, ಬದು ಇಳಿದು ಬಂದು, ಮೊಣಕಾಲಿನ ನೋವಿಗೆ ಸಣ್ಣಗೆ ನರಳಿ, ಚಕ್ಕಳಮಕ್ಕಳ ಹಾಕಿ ಕುಂತಳು. ಕರೆಮ್ಮ ಬಡಿಸಿದಳು. ಅನ್ನಮ್ಮ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟಳು. ಎಲ್ಲರ ಕಣ್ಣೂ ಅವಳ ದವಡೆಯ ಮೇಲೆ.

“ಉಪ್ಪು ಒಂದ ಚಿಟಿಕಿ ಕಡಿಮಿ ಅದ,” ಅಂದಳು.

ಕರೆಮ್ಮ ಎಲೆಯ ಅಂಚಿಗೆ ಉಪ್ಪು ಇಟ್ಟಳು. ಅನ್ನಮ್ಮ ಕಲಸಿಕೊಂಡಳು. ಒಂದು ರೊಟ್ಟಿ ಮುಗಿದು ಎರಡನೇದಕ್ಕೆ ಕೈ ಚಾಚಿದಳು, ಆಮೇಲೆ ನುಚ್ಚು ಕೇಳಿದಳು. ನುಚ್ಚು ಬಡಿಸುವಾಗ ಕರೆಮ್ಮನ ಒಂದು ಕೈ ತಾನಾಗಿ ಸೊಂಟದ ಮೇಲೆ ಹೋಯಿತು, ಬೇಡ ಬೇಡ ಅಂದರೂ ಒಂದು ಸೌಟು ಹೆಚ್ಚು ಬಿತ್ತು. ಅನುರಾಧಾ ನೀರಿನ ತಂಬಿಗೆ ತಂದು ಅನ್ನಮ್ಮನ ಮಗ್ಗುಲಿಗೆ ಇಟ್ಟು, ತಾನೂ ಒಂದು ಎಲೆ ಹಾಸಿಕೊಂಡು ಅವಳ ಪಕ್ಕದಲ್ಲೇ ಕುಂತಳು. ಉಳಿದವರೂ ಕುಂತರು. ಮಾತು ತಿರುಗಿ ಶುರುವಾಯಿತು, ಆ ದಪ್ಪ ಮನುಷ್ಯ ಯಾವ ಹೊಲದಲ್ಲಿ ಎಷ್ಟು ತಿಂದ ಎಂಬುದರ ಮೇಲೆ. ಅನ್ನಮ್ಮ ತನ್ನ ಹೊಲದ ಲೆಕ್ಕ ಹೇಳಿದಳು. ನಕ್ಕು ನಕ್ಕು ಒಬ್ಬಳಿಗೆ ನೆತ್ತಿ ಹತ್ತಿತು.

ನಾಗಣ್ಣ ಬದುವಿನ ತನಕ ಬಂದು ಅಲ್ಲೇ ನಿಂತಿದ್ದ. ಇಳಿಯಲಿಲ್ಲ. ಸಾಬಣ್ಣ, ಬರ್ರಿ ಅಣ್ಣಾ, ಒಂದು ಬಟ್ಟಲ ಸಾರು ಕುಡೀರಿ ಎಂದು ಕರೆದ. ನಾಗಣ್ಣ, ಹೊಟ್ಟಿ ತುಂಬ್ಯದೋ ಮಾರಾಯಾ, ಎಂದು ಆಕಾಶ ನೋಡಿದ. ಹೊತ್ತಾತು ನಡಿ ಎಂದು ಹೆಂಡತಿಗೆ ಇನ್ನೊಮ್ಮೆ ಅಂದ, ಮೊದಲಿನಷ್ಟು ಜೋರಾಗಿ ಅಲ್ಲ. ಉಣ್ಣಾಕತ್ತೇನಿ, ಕಾಣೂದಿಲ್ಲೇನು ಅಂದಳು ಅನ್ನಮ್ಮ. ಅವನು ಎತ್ತಿನ ಮೈ ಸವರುತ್ತ ಕಾಯ್ದ.

ಲಾಡ್ಲೇಸಾಬನ ಟೆಂಪೋ ದೀಪ ಹಾಕಿಕೊಂಡು ಬಂದವರನ್ನೆಲ್ಲ ತುಂಬಿಕೊಂಡು ಹೋಯಿತು. ಉಮಾಶ್ರೀ ಬೈಕಿನ ಮೇಲೆ ಅದರ ಹಿಂದೆ ಹೋದಳು. ಎಲ್ಲರಿಗಿಂತ ಕಡೆಗೆ ಎದ್ದವಳು ಅನ್ನಮ್ಮ. ತಂಬಿಗೆಯ ನೀರಿನಲ್ಲಿ ಕೈ ತೊಳೆದು, ಉಳಿದ ನೀರನ್ನು ತನ್ನ ಹೊಲದ ಕಡೆಗೆ ಚೆಲ್ಲಿ, ಬದು ಹತ್ತಿ ಬಂಡಿ ಏರಿ ಊರಿನ ಕಡೆ ಹೋದಳು. ಅವತ್ತು ಸೋಮವಾರ, ಆ ದಪ್ಪ ಮನುಷ್ಯ ಹೇಳಿದ ಬುಧವಾರಕ್ಕೆ ಇನ್ನೂ ಎರಡು ದಿನ ಇತ್ತು.